ನಾಲ್ಕನೆಯ ಪೀರಿಯಡ್ಡಿನ ಸಹಿ

ಅಜ್ಜಿಗೆ ಇಂಗ್ಲಿಷ್ ಬರುವುದಿಲ್ಲ ಎಂದು ಸಿಂಧೂರ ಇಂಗ್ಲಿಷಿನಲ್ಲಿ ಹೇಳಿದಳು. ಅದನ್ನು ಕೇಳಿ ಅರ್ಥಮಾಡಿಕೊಂಡ ಬಸಲಿಂಗವ್ವ ಏನೂ ಅರ್ಥವಾಗದವಳ ಹಾಗೆ ಮುಗುಳ್ನಕ್ಕು ಸೆರಗು ಸರಿಪಡಿಸಿಕೊಂಡಳು. ಮೇಜಿನ ಆಚೆ ಕೂತಿದ್ದ ಶಾಲೆಯ ಕೌನ್ಸೆಲರ್, ಮಿಸೆಸ್ ಡೆಲ್ಗಾಡೊ, ಎದ್ದು ಬಂದು ಪುಟ್ಟ ಫ್ಯಾನಿನ ಮುಖವನ್ನು ಗೋಡೆಯ ಕಡೆಗೆ ತಿರುಗಿಸಿದಳು. ಮುದುಕಿಗೆ ಗಾಳಿ ನೇರವಾಗಿ ಬಡಿಯುತ್ತಿದೆ ಎಂದು ಯಾರೂ ಹೇಳದೆ ಅವಳಿಗೆ ಹೊಳೆದಿತ್ತು. ಆಮೇಲೆ ಎದೆಯ ಮೇಲೆ ಕೈಯಿಟ್ಟು, ಒಂದೊಂದೇ ಶಬ್ದವನ್ನು ಬಿಡಿಸಿ, ಕಿವಿ ಮಂದವಾದವರಿಗೆ ಹೇಳುವಷ್ಟು ಜೋರಾಗಿ, ನೀವು ಬಂದದ್ದು ಸಂತೋಷ ಎಂದಳು. ಬಸಲಿಂಗವ್ವ ಕೈಮುಗಿದಳು. ಇಪ್ಪತ್ತೆಂಟು ವರ್ಷ ಗದುಗಿನ ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸಿ, ಕೊನೆಯ ಐದು ವರ್ಷ ಅಲ್ಲಿಯೇ ಹೆಡ್‌ಮಿಸ್ಟ್ರೆಸ್ ಆಗಿ ನಿವೃತ್ತಳಾದವಳು ಕೈಮುಗಿದು ಸುಮ್ಮನೆ ಕೂತಳು. ಮೊಮ್ಮಗಳ ಮೇಲೆ ಸಿಟ್ಟು ಬರಲಿಲ್ಲ. ಹುಡುಗಿ ಸುಳ್ಳು ಹೇಳಿರಲಿಲ್ಲ. ಅವಳು ತಿಳಿದದ್ದೇ ಅಷ್ಟು. ನಾಲ್ಕು ವರ್ಷದ ಹಿಂದೆ ಲಾಸ್ ಏಂಜಲಿಸ್ ವಿಮಾನ ನಿಲ್ದಾಣದಿಂದ ಡೈಮಂಡ್ ಬಾರ್ ಎಂಬ ಊರಿನ ಮನೆಗೆ ಬರುವ ದಾರಿಯಲ್ಲಿ, ಸ್ಟಿಯರಿಂಗ್ ಹಿಡಿದುಕೊಂಡೇ ಮಗ ಹಾಲಪ್ಪ ಹೇಳಿದ್ದ: "ಅವ್ವಾ, ಸಿಂಧು ಕೂಡ ಒಂದ ಶಬ್ದಾನೂ ಇಂಗ್ಲಿಷ್‌ನಾಗ ಮಾತಾಡಬ್ಯಾಡ. ಅಜ್ಜಿಗೆ ಇಂಗ್ಲಿಷ್ ಬರೂದೇ ಇಲ್ಲ ಅಂತ ಹೇಳೇನಿ. ಬರ್ತದ ಅಂತ ಗೊತ್ತಾದ್ರ ಮುಗೀತು, ಕನ್ನಡ ಬಾಯಾಗ ಬರೂದೇ ಇಲ್ಲ." ಅದರಲ್ಲಿ ತಪ್ಪೇನೂ ಕಂಡಿರಲಿಲ್ಲ. ನಾಟಕದಲ್ಲಿ ಒಂದು ಪಾತ್ರ ಸಿಕ್ಕ ಹಾಗೆ ಖುಷಿಯೇ ಆಗಿತ್ತು.

ಇವತ್ತೂ ಹೇಳಿಯೇ ಕಳಿಸಿದ್ದ. ಸೋಮವಾರದಿಂದ ಶುಕ್ರವಾರದವರೆಗೆ ಅವನ ಕೆಲಸ ಸ್ಯಾನ್ ಡಿಯಾಗೊದಲ್ಲಿ. ಅಲ್ಲೊಂದು ಸಣ್ಣ ಅಪಾರ್ಟ್‌ಮೆಂಟು ಹಿಡಿದಿದ್ದ. ಸೊಸೆ ನೀಲಾ ಬೆಳಕು ಹರಿಯುವುದರೊಳಗೆ ಬರ್ಬ್ಯಾಂಕಿನ ಸ್ಟುಡಿಯೊ ಕೆಲಸಕ್ಕೆ ಹೊರಟುಬಿಡುವವಳು. ಮುಂದಿನ ವರ್ಷಕ್ಕೆ ಆರಿಸಿಕೊಂಡ ತರಗತಿಗಳು ಒಂದೇ ಹೊತ್ತಿಗೆ ಬಿದ್ದವರು ಮನೆಯ ದೊಡ್ಡವರೊಬ್ಬರನ್ನು ಕರೆತಂದು ವಾರದೊಳಗೆ ಸಹಿ ಮಾಡಿಸಬೇಕು ಎಂದು ಶಾಲೆಯಿಂದ ಚೀಟಿ ಬಂದಾಗ, ಮನೆಯಲ್ಲಿ ಬಿಡುವಾಗಿದ್ದ ದೊಡ್ಡವಳು ಬಸಲಿಂಗವ್ವ ಒಬ್ಬಳೇ. "ನೀ ಬರೇ ಕುಂತು ಬಾ, ಅವ್ವಾ. ತೋರಿಸಿದಲ್ಲಿ ಸೈ ಮಾಡು. ಕೆಮಿಸ್ಟ್ರಿ ಅಂತ ನಾವು ಮಾತಾಡಿ ಮುಗಿಸೇವಿ, ಸಿಂಧು ಹೇಳ್ತಾಳ" ಎಂದು ಫೋನಿನಲ್ಲಿ ಹೇಳಿದ್ದ. ಬರೇ ಕುಂತು ಬರುವುದು ಅವಳಿಗೀಗ ಅಭ್ಯಾಸವಾಗಿತ್ತು. ಮದುವೆಗಳಲ್ಲಿ, ಯುಗಾದಿಯ ಕೂಟಗಳಲ್ಲಿ, ದಂತವೈದ್ಯರ ಕೋಣೆಯ ಹೊರಗೆ ಬರೇ ಕುಂತು ಬಂದಿದ್ದಳು.

ಮಿಸೆಸ್ ಡೆಲ್ಗಾಡೊ ಹಾಳೆಯ ಮೇಲೆ ಪೆನ್ಸಿಲ್ ಇಟ್ಟು ವಿವರಿಸಿದಳು. ಎಪಿ ಕೆಮಿಸ್ಟ್ರಿ, ಅಂದರೆ ಕಾಲೇಜಿನ ಮಟ್ಟದ್ದು, ಪ್ರಯೋಗಗಳಿರುವುದರಿಂದ ನಾಲ್ಕು ಮತ್ತು ಐದನೆಯ ಪೀರಿಯಡ್ ಎರಡನ್ನೂ ತಿನ್ನುತ್ತದೆ. ಎಪಿ ಇಂಗ್ಲಿಷ್ ಸಾಹಿತ್ಯಕ್ಕೆ ಮುಂದಿನ ವರ್ಷ ಒಂದೇ ತರಗತಿ, ಅದು ನಾಲ್ಕನೆಯ ಪೀರಿಯಡ್ಡಿನಲ್ಲಿ. ಒಂದನ್ನು ಬಿಡಲೇಬೇಕು, ಒಮ್ಮೆ ಸಹಿ ಬಿದ್ದರೆ ಮತ್ತೆ ಬದಲಿಸಲಾಗದು. ಸಾಹಿತ್ಯದಲ್ಲಿ ಉಳಿದಿರುವುದು ಒಂದೇ ಜಾಗ, ಕಾಯುವವರ ಪಟ್ಟಿಯಲ್ಲಿ ಆರು ಮಂದಿ. ಇಷ್ಟು ಹೇಳಿ ಅವಳು ಸಿಂಧೂರಳ ಮುಖ ನೋಡಿದಳು. ಸಿಂಧೂರ ಬೆನ್ನು ನೆಟ್ಟಗೆ ಮಾಡಿ, ತುಂಬ ಸಹಜವಾಗಿ, ನಮ್ಮಲ್ಲಿ ಇಂಥದ್ದನ್ನೆಲ್ಲ ಮನೆಯ ಹಿರಿಯರು ನಿರ್ಧರಿಸುತ್ತಾರೆ, ಅಪ್ಪ ಇದನ್ನು ಅಜ್ಜಿಗೇ ಬಿಟ್ಟಿದ್ದಾರೆ, ಅಜ್ಜಿಗೆ ನಾನು ಸಾಹಿತ್ಯ ತೆಗೆದುಕೊಳ್ಳಬೇಕೆಂದು ಇದೆ ಎಂದಳು. ಎಂಥ ಚಂದದ ಪದ್ಧತಿ ಎಂದು ಮಿಸೆಸ್ ಡೆಲ್ಗಾಡೊ ಬಸಲಿಂಗವ್ವನ ಕಡೆ ಗೌರವದಿಂದ ನೋಡಿದಳು. ಆ ಮನೆಯಲ್ಲಿ ಯಾವ ಅಕ್ಕಿ ತರಬೇಕು ಎಂದು ಕೂಡ ಹಿರಿಯರನ್ನು ಯಾರೂ ಕೇಳಿದ್ದಿಲ್ಲ.

ಬಸಲಿಂಗವ್ವ ಮೊದಲು ತಾನು ಕೇಳಿದ್ದು ತಪ್ಪೇನೋ ಎಂದುಕೊಂಡಳು. ಇಲ್ಲ, ತಪ್ಪಲ್ಲ. ಮಿಸೆಸ್ ಡೆಲ್ಗಾಡೊ ಮುಂದೆ ಬಾಗಿ, ಕೆಮಿಸ್ಟ್ರಿ ಈಗ ಬಿಟ್ಟರೆ ಮತ್ತೆ ಸಿಗುವುದಿಲ್ಲ, ಅದು ಅಜ್ಜಿಗೆ ತಿಳಿದಿದೆಯೇ ಕೇಳು ಎಂದಳು. ಸಿಂಧೂರ ಈ ಕಡೆ ತಿರುಗಿದಳು. ಅವಳ ಕನ್ನಡ ತಾಯಿಯ ಬೆಂಗಳೂರು ಕನ್ನಡ, ಅಂಚುಗಳಲ್ಲಿ ಸ್ವಲ್ಪ ಒಡೆದದ್ದು. "ಅಜ್ಜಿ, ನಿಂಗೆ ಚಳಿ ಆಗ್ತಿದ್ಯಾ ಅಂತ ಕೇಳ್ತಿದಾರೆ."

ಬಸಲಿಂಗವ್ವ ಆ ಮುಖವನ್ನು ನೋಡಿದಳು. ಮೂಗಿನ ಮೇಲೆ ಸಣ್ಣಗೆ ಬೆವರು. ತರಗತಿಯಲ್ಲಿ ನಕಲು ಮಾಡುವ ಹುಡುಗಿಯ ಹತ್ತಿರ ಹೋಗಿ, ಹಿಡಿಯದೆ, ಏನವ್ವಾ ಪೆನ್ನಿನ ಶಾಯಿ ಮುಗೀತೇನು ಎಂದು ಕೇಳಿ, ಚೀಟಿ ಬಚ್ಚಿಡಲು ಒಂದು ನಿಮಿಷ ಕೊಟ್ಟು ಮುಂದೆ ಹೋಗುವುದು ಅವಳ ಹಳೆಯ ರೀತಿ. ಹಾಗೆಯೇ ಕೇಳಿದಳು: "ಚಳಿ ಏನಿಲ್ಲ ಬಿಡು. ನಿಮ್ಮಪ್ಪ ಹೇಳಿದ್ದು ಹೇಳಿದೆಯಿಲ್ಲೋ? ಕೆಮಿಸ್ಟ್ರಿ ಅಂತ?"

"ಹೂಂ ಅಜ್ಜಿ, ಹೇಳ್ದೆ." ಆಮೇಲೆ ಆ ಕಡೆ ತಿರುಗಿ ಇಂಗ್ಲಿಷಿನಲ್ಲಿ ಹೇಳಿದಳು, ಅಜ್ಜಿ ಹೇಳುತ್ತಿದ್ದಾರೆ, ಪ್ರಯೋಗಶಾಲೆಯಲ್ಲಿ ಕಲಿತದ್ದು ಪರೀಕ್ಷೆಯವರೆಗೆ, ಸಾಹಿತ್ಯ ಬದುಕಿನ ಕೊನೆಯವರೆಗೆ ಜೊತೆಗಿರುತ್ತದೆ ಅಂತ.

ನೋವಾದದ್ದು ಅಲ್ಲಿ. ಅದು ಬಸಲಿಂಗವ್ವ ಹೇಳಬಹುದಾಗಿದ್ದ ಮಾತೇ ಆಗಿತ್ತು. ಬೀಳ್ಕೊಡುಗೆಯ ಸಭೆಗಳಲ್ಲಿ ಅಂಥದ್ದನ್ನು ಎಷ್ಟೋ ಸಲ ಹೇಳಿದ್ದಳು. ಹುಡುಗಿ ಒಂದು ಸಲ ಕೇಳಿದ್ದರೆ ಸಾಕಿತ್ತು. ರಾತ್ರಿ ಹಾಸಿಗೆಯ ಮೇಲೆ ಕಾಲು ಮಡಚಿಕೊಂಡು ಕೂತಾಗ, ಅಜ್ಜಿ, ನಂಗೆ ಕೆಮಿಸ್ಟ್ರಿ ಬೇಡ ಅಂದಿದ್ದರೆ, ಮಗನ ಜೊತೆ ಜಗಳವಾಡಿಯಾದರೂ ಬರುತ್ತಿದ್ದಳು. ಈ ಹೆಂಗಸಿನ ಎದುರು ತಾನೇ ಬಾಯಿಬಿಟ್ಟು ಹೇಳುತ್ತಿದ್ದಳು. ಕೊಡಬೇಕೆಂದು ಇಟ್ಟುಕೊಂಡದ್ದನ್ನು ಹುಡುಗಿ ಕೇಳದೆ ಜೇಬಿನಿಂದ ಎತ್ತಿಕೊಂಡಿದ್ದಳು. ಮಿಸೆಸ್ ಡೆಲ್ಗಾಡೊಳ ಕಣ್ಣು ತೇವವಾಗಿತ್ತು. ಅವಳು ಸಹಿಯ ಜಾಗಕ್ಕೆ ಬೆರಳಿಟ್ಟು ತೋರಿಸಿ, ಪೆನ್ನಿನ ಮುಚ್ಚಳ ತೆಗೆದು, ಹಿಡಿಯುವ ಕಡೆಯನ್ನು ಇವಳತ್ತ ಮಾಡಿ ಕೊಟ್ಟಳು. ಈಗಲೂ ಹೇಳಬಹುದಾಗಿತ್ತು. ಒಂದೇ ವಾಕ್ಯ ಸಾಕಾಗಿತ್ತು. ಪೆನ್ನು ಹಿಡಿದ ಕೈ ತಾನಾಗಿ ಕನ್ನಡದಲ್ಲಿ ಬರೆಯತೊಡಗಿತು. ಪಿಂಚಣಿಯ ಕಾಗದಗಳಿಗೆಲ್ಲ ಇಂಗ್ಲಿಷಿನಲ್ಲಿ ಸರಕ್ಕನೆ ಸಹಿ ಹಾಕುವವಳು ಇಲ್ಲಿ ಬ, ಸ, ಲಿಂ ಎಂದು ಮಗುವಿನ ಹಾಗೆ ಒಂದೊಂದೇ ಅಕ್ಷರ ಜೋಡಿಸಿದಳು. ಎಂಥ ಸುಂದರ ಲಿಪಿ ಎಂದಳು ಮಿಸೆಸ್ ಡೆಲ್ಗಾಡೊ.

ಶಿವಕ್ಕ ಎಂಬ ಹೆಂಗಸು ನೆನಪಾದಳು, ಕಾರಣವಿಲ್ಲದೆ ಅಲ್ಲ. ಹೊಲದ ಕೆಲಸದಿಂದ ನೇರವಾಗಿ ಗದುಗಿನ ಶಾಲೆಗೆ ಬಂದು, ಚಪ್ಪಲಿಯನ್ನು ಬಾಗಿಲ ಹೊರಗೆ ಬಿಟ್ಟು ನಿಂತಿದ್ದಳು. ಅವಳ ಮಗಳಿಗೆ ಗಣಿತ ಬೇಕೋ ಹೊಲಿಗೆ ಬೇಕೋ ಎಂದು ತೀರ್ಮಾನವಾಗಬೇಕಿತ್ತು. ಬಸಲಿಂಗವ್ವ ಕುರ್ಚಿಯಲ್ಲಿ ಕೂತು, ಶಿವಕ್ಕನ ತಲೆಯ ಮೇಲಿಂದ ಮಗಳಿಗೆ ಹೇಳಿದ್ದಳು: ನಿಮ್ಮವ್ವಗ ತಿಳಿಯೂಹಂಗ ಹೇಳು, ಹೊಲಿಗಿ ಸಾಕು ನಿನಗ. ತಿಳಿಯೂಹಂಗ. ಶಿವಕ್ಕ ತಲೆಯಾಡಿಸಿ ಹೆಬ್ಬೆಟ್ಟು ಒತ್ತಿ ಹೋಗಿದ್ದಳು. ಅವಳಿಗೆ ಆಗಲೇ ಎಲ್ಲ ತಿಳಿದಿತ್ತೇನೋ. ಕೂರು ಎಂದು ಕೂಡ ಹೇಳಿರಲಿಲ್ಲವಲ್ಲ ತಾನು. ಇಲ್ಲಿಯವಳು ಫ್ಯಾನು ತಿರುಗಿಸಿದಳು.

ಶಾಲೆಯಿಂದ ಮನೆಗೆ ಗುಡ್ಡ ಹತ್ತಿ ಹನ್ನೆರಡು ನಿಮಿಷದ ದಾರಿ. ಮೇ ತಿಂಗಳ ಬಿಸಿಲಿಗೆ ಗುಡ್ಡದ ಹುಲ್ಲು ಆಗಲೇ ಹಳದಿಯಾಗಿತ್ತು. ಅರ್ಧ ದಾರಿಯಲ್ಲಿ ಸಿಂಧೂರ ನಿಂತು, ಫುಟ್‌ಪಾತಿನ ಮೇಲೆ ಮೊಣಕಾಲೂರಿ ಅಜ್ಜಿಯ ಬೂಟಿನ ಬಿಚ್ಚಿದ ಲೇಸು ಕಟ್ಟಿದಳು. ಎರಡು ಗಂಟು ಹಾಕಿದಳು. ಸೀರೆಯ ಅಂಚು ಅದರಲ್ಲಿ ಸಿಕ್ಕದಂತೆ ಬೆರಳಿನಿಂದ ಪಕ್ಕಕ್ಕೆ ಸರಿಸಿದಳು. ಆ ಸುಳ್ಳು ಹೇಳಿದವಳೂ ಈ ಹುಡುಗಿಯೇ. ಕೈ ತಾನಾಗಿ ಅವಳ ತಲೆಯ ಮೇಲೆ ಹೋಯಿತು. ಆ ಕೈಯನ್ನು ಬಸಲಿಂಗವ್ವ ಬೇರೆ ಯಾರದೋ ಕೈಯೆಂಬಂತೆ ನೋಡಿದಳು. ಸಿಂಧೂರ ಎದ್ದು ಫೋನು ತೆಗೆದು ಗೆಳತಿ ವೈಶಾಲಿಗೆ ಮಾಡಿದಳು. ಅಜ್ಜಿಯ ಪಕ್ಕದಲ್ಲೇ, ಅಜ್ಜಿಯ ಕೈ ಹಿಡಿದುಕೊಂಡೇ, ಇಂಗ್ಲಿಷಿನಲ್ಲಿ ಮಾತಾಡತೊಡಗಿದಳು. ಆಯಿತು ಕಣೇ. ಅಷ್ಟು ಸುಲಭ ಅಂದುಕೊಂಡಿರಲಿಲ್ಲ. ಪಾಪ, ನಗುತ್ತಾ ಕೂತಿದ್ದರು. ಅಯ್ಯೋ ನನಗೂ ಕೆಟ್ಟದೆನಿಸಿತು. ಇಲ್ಲ, ಅವರಿಗೇನೂ ಗೊತ್ತಾಗುವುದಿಲ್ಲ, ಅದೇ ಅವರಲ್ಲಿ ಚಂದ.

ನಾಲ್ಕು ವರ್ಷದಿಂದ ಹುಡುಗಿ ಫೋನು ಬಂದಾಗಲೆಲ್ಲ ಅಜ್ಜಿಯ ಕೋಣೆಗೆ ಬಂದು ಮಂಚದ ಮೇಲೆ ಉರುಳಿ ಮಾತಾಡುತ್ತಿದ್ದಳು. ಅಪ್ಪ ಅಮ್ಮನ ಕಿವಿಗೆ ಬೀಳದ ಜಾಗ ಅದೊಂದೇ. ಮೊದಮೊದಲು ಬಸಲಿಂಗವ್ವ ಕೇಳಬಾರದೆಂದು ಪುಸ್ತಕದಲ್ಲಿ ಕಣ್ಣು ನೆಡುತ್ತಿದ್ದಳು. ಆಮೇಲೆ ಆ ಹೊತ್ತಿಗೆ ಕಾಯತೊಡಗಿದಳು. ಕೆಮಿಸ್ಟ್ರಿಯಲ್ಲಿ ಸಿ ಗ್ರೇಡು ಬಂದದ್ದು, ಅದನ್ನು ಅಪ್ಪನಿಗೆ ಬೇರೆ ಏನೋ ಹೇಳಿ ಮುಚ್ಚಿದ್ದು, ಡಾಕ್ಟರಾಗಲು ಸ್ವಲ್ಪವೂ ಇಷ್ಟವಿಲ್ಲದ್ದು, ತರುಣ ಎಂಬ ಹುಡುಗ ನಾಲ್ಕು ದಿನ ಮಾತಾಡಿ ಐದನೆಯ ದಿನ ಬಿಟ್ಟದ್ದು, ಎಲ್ಲ ಗೊತ್ತಿತ್ತು ಅವಳಿಗೆ. ಒಂದು ಸಲ ಹುಡುಗಿ ನಕ್ಕು, ಇಲ್ಲ, ಯಾರೂ ಇಲ್ಲ, ಅಜ್ಜಿ ಇದ್ದಾರೆ, ಮನೆಯಲ್ಲಿ ಬೆಕ್ಕಿದ್ದ ಹಾಗೆ ಎಂದಿದ್ದಳು. ಇನ್ನೊಂದು ಸಲ ಅಜ್ಜಿಯ ತಲೆಯೆಣ್ಣೆಯ ವಾಸನೆ ತನ್ನ ಬ್ಯಾಗಿಗೂ ಹತ್ತಿದೆ, ನಾಚಿಕೆಯಾಗುತ್ತದೆ ಎಂದಿದ್ದಳು. ಮರುದಿನದಿಂದ ಎಣ್ಣೆ ಬಿಟ್ಟಳು ಬಸಲಿಂಗವ್ವ. ಯಾಕೆ ಅಜ್ಜಿ ಕೂದಲು ಇಷ್ಟು ಒಣಗಿದೆ ಎಂದು ಅದೇ ಹುಡುಗಿ ತನ್ನ ಶಾಂಪೂ ತಂದುಕೊಟ್ಟಳು. ಹೀಗೆ ಪಕ್ಕದಲ್ಲಿ ಬಂದು ಉರುಳುವುದನ್ನು ತಾನು ಪ್ರೀತಿ ಎಂದು ತಿಳಿದಿದ್ದಳು. ಪ್ರೀತಿಯೂ ಇತ್ತೇನೋ. ಏರಿನಲ್ಲಿ ಉಸಿರು ಸಿಕ್ಕಿಕೊಂಡಿತು. "ನಿಧಾನ, ಅಜ್ಜಿ" ಎಂದಳು ಹುಡುಗಿ, ಫೋನನ್ನು ಕಿವಿಯಿಂದ ತೆಗೆಯದೆ.

ಶುಕ್ರವಾರ ಸಂಜೆ ಹಾಲಪ್ಪ ಬಂದ. ಎರಡೂವರೆ ತಾಸು ಫ್ರೀವೇಯ ಮೇಲೆ ಕಳೆದ ಸಿಟ್ಟನ್ನು ಅವನು ಮನೆಯ ಹೊರಗೇ ಬಿಟ್ಟು ಬರುವವನು. ಒಳಗೆ ಬಂದವನು ಮೊದಲು ತಾಯಿಯ ಬಿಪಿ ಗುಳಿಗೆಯ ಡಬ್ಬಿ ತೆರೆದು ನೋಡುತ್ತಾನೆ. ನೋಡಿದ. ಆಮೇಲೆ ಊಟದ ಮೇಜಿನ ಮೇಲಿದ್ದ ಹಾಳೆಯನ್ನು ನೋಡಿದ.

"ಇದೇನಿದು? ಫೋರ್ತ್ ಪೀರಿಯಡ್ ಲಿಟರೇಚರ್? ಕೆಮಿಸ್ಟ್ರಿ ಎಲ್ಲಿ ಹೋತು?"

ಸಿಂಧೂರ ಫ್ರಿಜ್ಜಿನ ಬಾಗಿಲು ಹಿಡಿದು ನಿಂತಿದ್ದಳು. ಅಜ್ಜಿ ಹಾಗೆ ಹೇಳಿದರು ಎಂದು ಇಂಗ್ಲಿಷಿನಲ್ಲಿ ಅಂದಳು. ಎರಡನೆಯ ಸಲಕ್ಕೆ ಸುಳ್ಳು ಸಲೀಸಾಗಿ ಬಂದಿತ್ತು.

"ಅವ್ವಾ?" ಹಾಲಪ್ಪ ತಿರುಗಿದ. "ನೀ ಹೇಳಿದೇನು?"

ಹುಡುಗಿ ಇವಳನ್ನು ನೋಡಲಿಲ್ಲ. "ಹೂಂ" ಎಂದಳು ಬಸಲಿಂಗವ್ವ. "ಹೇಳಿದೆ."

"ನಿನಗ್ಯಾರು ಕೇಳಿದ್ರು? ಇಲ್ಲೀದು ನಿನಗೇನು ಗೊತ್ತೈತಿ? ಕೆಮಿಸ್ಟ್ರಿ ಇಲ್ದ ಮೆಡಿಕಲ್‌ಗೆ ಯಾರು ಮೂಸಿ ನೋಡ್ತಾರ ಇಕೀನ್ನ? ನಿನ್ನ ಗದಗ ಸಾಲಿ ಅಂತ ತಿಳಕೊಂಡೀಯೇನು ಇದು, ಹಾಡು ಪದ್ಯ ಬಾಯಿಪಾಠ ಮಾಡಿ ಪಾಸಾಗಾಕ?"

"ರೀ" ಎಂದಳು ನೀಲಾ, ಸೌಟು ಕೈಯಲ್ಲೇ ಇತ್ತು. "ಅತ್ತೆ ಮುಂದೆ ಹೀಗೆಲ್ಲಾ ಮಾತಾಡ್ಬೇಡಿ. ಸೋಮವಾರ ಹೋಗಿ ಚೇಂಜ್ ಮಾಡಿಸಿದ್ರೆ ಆಯ್ತಪ್ಪ."

"ಹೋಗ್ತೀನಿ. ರಜಾ ಹಾಕಿ ಹೋಗ್ತೀನಿ. ನಮ್ಮವ್ವಗ ಇಂಗ್ಲಿಷ್ ಬರೂದಿಲ್ಲ, ತಿಳೀದ ಸೈ ಮಾಡ್ಯಾಳ, ಆ ಸೈ ನಡೆಯೂದಿಲ್ಲ ಅಂತ ಹೇಳ್ತೀನಿ."

ಅದನ್ನು ಅವನು ಮುಖ ತಗ್ಗಿಸದೆ, ನಾಲಿಗೆ ತೊದಲದೆ ಹೇಳಿದ. ಹುಡುಗಿಗೆ ಗೊತ್ತಿರಲಿಲ್ಲ, ಇವನಿಗೆ ಗೊತ್ತಿತ್ತು. ಎಸ್ಸೆಸ್ಸೆಲ್ಸಿಯ ಉತ್ತರಪತ್ರಿಕೆಗಳನ್ನು ಅವಳು ತಿದ್ದುವಾಗ ಮೇಜಿನ ಕೆಳಗೆ ಕೂತು, ಅವ್ವಾ ಈ ಶಬ್ದಕ್ಕೇನು, ಆ ಶಬ್ದಕ್ಕೇನು ಎಂದು ಕೇಳುತ್ತಿದ್ದವನು. ಈ ದೇಶಕ್ಕೆ ಬರಲು ಬರೆದ ಮೊದಲ ಅರ್ಜಿಯನ್ನು ಮೂರು ಸಲ ತಿದ್ದಿಸಿಕೊಂಡವನು. ಊಟವಾದ ಮೇಲೆ ಕೋಣೆಗೆ ಬಂದು ಮಂಚದ ತುದಿಯಲ್ಲಿ ಕೂತು, ಅವಳ ಪಾದವನ್ನು ಮೆಲ್ಲಗೆ ಒತ್ತುತ್ತ, "ಬ್ಯಾಸರಾ ಮಾಡ್ಕೋಬ್ಯಾಡವ್ವಾ. ಸೋಮವಾರ ನೀನೂ ಬರಬೇಕಾಗ್ತದ. ಬರೇ ಕುಂತಿರು" ಎಂದ.

"ಸುಳ್ಳಾಗ್ತದಲ್ಲೋ, ಹಾಲೂ."

"ನಾಕು ವರ್ಷ ಆಡಿದ್ದನ್ನ ಇನ್ನೊಂದು ಹತ್ತು ನಿಮಿಷ ಆಡು."

ಶನಿವಾರವೆಲ್ಲ ಹುಡುಗಿ ಊಟದ ಹೊತ್ತು ಬಿಟ್ಟು ಹೊರಗೆ ಬರಲಿಲ್ಲ. ಭಾನುವಾರ ಮಧ್ಯಾಹ್ನ ಅಜ್ಜಿಯ ಕೋಣೆಗೆ ಬಂದು, ಫೋನಿಲ್ಲದೆ, ಗೋಡೆಯ ಕಡೆ ಮುಖಮಾಡಿ ಮಲಗಿದಳು. ಎಷ್ಟೋ ಹೊತ್ತಿನ ಮೇಲೆ ಯಾರಿಗೋ ಹೇಳುವವಳಂತೆ ಇಂಗ್ಲಿಷಿನಲ್ಲಿ, ನಾನು ಸತ್ತುಹೋದರೂ ಆ ಲ್ಯಾಬಿಗೆ ಕಾಲಿಡಲಾರೆ ಎಂದಳು. ಹುಡುಗಿಯರು ಆಡುವ ಮಾತು ಅದು, ಬಸಲಿಂಗವ್ವ ಅಂಥವನ್ನು ಸಾವಿರ ಕೇಳಿದ್ದಳು. ಆದರೆ ಆ ಬೆನ್ನು ನಡುಗುತ್ತಿತ್ತು. ಬೆನ್ನ ಮೇಲೆ ಕೈಯಿಟ್ಟಳು. ಇವಳು ನನ್ನನ್ನು ಮೂರ್ಖಳನ್ನಾಗಿ ಮಾಡಿದವಳು. ಬೆನ್ನು ಸವರಿದಳು. ಸವರುತ್ತಿದ್ದಾಗ ಲೆಕ್ಕ ಸ್ಪಷ್ಟವಾಯಿತು. ಆ ಸಹಿ ನಿಲ್ಲಬೇಕಾದರೆ, ಸಹಿ ಹಾಕಿದವಳಿಗೆ ಎಲ್ಲ ತಿಳಿದಿತ್ತು ಎಂದಾಗಬೇಕು. ಎಲ್ಲ ತಿಳಿದಿತ್ತು ಎಂದು ಹೇಳಿದರೆ, ಈ ಮಂಚದ ಮೇಲೆ ಹೀಗೆ ಇನ್ನು ಯಾರೂ ಮಲಗುವುದಿಲ್ಲ. ಸುಮ್ಮನಿದ್ದರೆ ಹುಡುಗಿ ಒಂದು ವರ್ಷ ಅಳುತ್ತಾಳೆ. ಆದರೆ ಇಲ್ಲಿಯೇ, ತನ್ನ ಪಕ್ಕದಲ್ಲಿಯೇ ಅಳುತ್ತಾಳೆ. ಆ ಯೋಚನೆ ಬಂದದ್ದಕ್ಕೆ ನಾಚಿಕೆಯಿಂದ ಮೈ ಬಿಸಿಯಾಯಿತು. ಅದು ಹಿತವಾಗಿತ್ತು ಎಂಬುದಕ್ಕೆ ಇನ್ನೂ ಬಿಸಿಯಾಯಿತು.

ಸೋಮವಾರ ಮಿಸೆಸ್ ಡೆಲ್ಗಾಡೊ ಇನ್ನೊಂದು ಕೋಣೆಯಿಂದ ತಾನೇ ಕುರ್ಚಿ ಹೊತ್ತು ತಂದಳು. ದಿಂಬಿರುವ ಕುರ್ಚಿಯನ್ನು ಬಸಲಿಂಗವ್ವನಿಗೆ ಬಿಟ್ಟಳು. ಹಾಲಪ್ಪ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು, ಆಫೀಸಿನಲ್ಲಿ ಮಾತಾಡುವ ದನಿಯಲ್ಲಿ ವಿವರಿಸಿದ. ತಪ್ಪು ತಿಳಿವಳಿಕೆಯಾಗಿದೆ. ನನ್ನ ತಾಯಿಗೆ ಇಂಗ್ಲಿಷ್ ಬರುವುದಿಲ್ಲ. ಅಷ್ಟಕ್ಕೆ ನಿಲ್ಲಿಸಬಹುದಾಗಿತ್ತು. ಮಿಸೆಸ್ ಡೆಲ್ಗಾಡೊ ಇನ್ನೂ ಅನುಮಾನದಿಂದ ನೋಡುತ್ತಿದ್ದುದರಿಂದ ಒಂದು ಮಾತು ಹೆಚ್ಚಾಗಿ ಸೇರಿಸಿದ: ಅವರು ಹಳ್ಳಿಯವರು, ಓದಿದವರಲ್ಲ. ಹೇಳಿ, ಪಕ್ಕದಲ್ಲಿ ಕೂತ ತಾಯಿಯ ಮಂಡಿಯ ಮೇಲೆ ಒಂದು ಸಲ ತಟ್ಟಿದ, ಮಗುವನ್ನು ತಟ್ಟುವ ಹಾಗೆ.

ಹಾಗಾದರೆ ಸಹಿಯನ್ನು ರದ್ದು ಮಾಡಬಹುದು, ಸಾಹಿತ್ಯದ ಜಾಗ ಪಟ್ಟಿಯಲ್ಲಿ ಮುಂದಿನವರಿಗೆ ಇವತ್ತೇ ಹೋಗುತ್ತದೆ ಎಂದು ಮಿಸೆಸ್ ಡೆಲ್ಗಾಡೊ ನಿಧಾನವಾಗಿ ಹೇಳಿದಳು. ಪೆನ್ನೆತ್ತಿದವಳು ಕೆಳಗಿಟ್ಟು ಬಸಲಿಂಗವ್ವನ ಕಡೆ ಬಾಗಿದಳು. ಅವರನ್ನೇ ಒಂದು ಸಲ ಕೇಳಬೇಕು ನಾನು, ಅಂದು ಏನಕ್ಕೆ ಸಹಿ ಮಾಡುತ್ತಿದ್ದೇನೆಂದು ಅವರಿಗೆ ಗೊತ್ತಿತ್ತೇ? ಈ ಮನೆಯವರಲ್ಲಿ ಯಾರೂ ಕೇಳದಿದ್ದುದನ್ನು ಅವಳು ಕೇಳಿದಳು. ಸಿಂಧೂರ ತಿರುಗಿದಳು. ಈ ಸಲ ಮಾತು ಬದಲಿಸಲಿಲ್ಲ. "ಅಜ್ಜಿ, ಅವತ್ತು... ಏನು ಸೈನ್ ಮಾಡ್ತಿದೀನಿ ಅಂತ ನಿಂಗೆ ಗೊತ್ತಿತ್ತಾ?" ಅಪ್ಪನ ಎದುರು ಸೋತುಹೋದವಳ ಮುಖ.

ನನಗೆ ಪ್ರತಿಯೊಂದು ಶಬ್ದವೂ ತಿಳಿದಿತ್ತು ಎಂದಳು ಬಸಲಿಂಗವ್ವ, ಇಂಗ್ಲಿಷಿನಲ್ಲಿ.

ನಾಲ್ಕು ವರ್ಷ ಬಳಸದ ದನಿ ಗಂಟಲಿನಲ್ಲಿ ಸ್ವಲ್ಪ ತೊಡರಿ ಹೊರಗೆ ಬಂತು. ಹಳೆಯ ಇಂಗ್ಲಿಷ್, ವ್ಯಾಕರಣದ ಪುಸ್ತಕದ್ದು, ಕ್ರಿಯಾಪದಗಳೆಲ್ಲ ಅವುಗಳ ಜಾಗದಲ್ಲಿ. ನಾನು ಇಪ್ಪತ್ತೆಂಟು ವರ್ಷ ಹೈಸ್ಕೂಲಿನಲ್ಲಿ ಈ ಭಾಷೆಯನ್ನು ಕಲಿಸಿದ್ದೇನೆ. ನನ್ನ ಮಗ ನನ್ನನ್ನು ನಾಚಿಕೆಯಿಂದ ಉಳಿಸಲು ಹಾಗೆ ಹೇಳಿದ, ಅವನನ್ನು ಕ್ಷಮಿಸಬೇಕು. ಹಾಲಪ್ಪ ಕಾರ್ಪೆಟ್ಟಿನ ಒಂದು ಕಲೆಯನ್ನು ನೋಡುತ್ತ ಕೂತ. ಕಿವಿಗಳು ಕೆಂಪಾಗಿದ್ದವು. ಮಿಸೆಸ್ ಡೆಲ್ಗಾಡೊ ಗಲಿಬಿಲಿಯಾಗಿ, ಈಗ ದನಿ ತಗ್ಗಿಸಿ, ಎಲ್ಲರೊಡನೆ ಮಾತಾಡುವ ವೇಗದಲ್ಲಿ ಕೇಳಿದಳು: ಹಾಗಾದರೆ ಅವತ್ತು ಸಿಂಧೂರ ನನಗೆ ಹೇಳಿದ್ದೆಲ್ಲ, ಕೊನೆಯವರೆಗೆ ಜೊತೆಗಿರುತ್ತದೆ ಎಂದದ್ದು, ನಿಮ್ಮ ಮಾತೇ?

"ಹೌದು. ನನ್ನ ಮೊಮ್ಮಗಳು ಸರಿಯಾಗಿಯೇ ಅನುವಾದಿಸಿದಳು" ಎಂದಳು. ತುಂಬ ಒಳ್ಳೆಯ ಇಂಗ್ಲಿಷಿನಲ್ಲಿ ಹೇಳಿದ ಸುಳ್ಳು ಅದು.

ಸಿಂಧೂರಳ ಮುಖದಲ್ಲಿ ಮೊದಲು ಬಂದದ್ದು ಗೆದ್ದ ಬೆಳಕು. ತುಟಿ ಬಿರಿದು ನಗುವಾಗುವುದರಲ್ಲಿತ್ತು. ಅಲ್ಲಿಯೇ ನಿಂತಿತು. ಕಣ್ಣು ಎಲ್ಲೋ ಹಿಂದಕ್ಕೆ ಹೋಯಿತು. ಬಸಲಿಂಗವ್ವ ಅದನ್ನು ನೋಡಬಾರದೆಂದುಕೊಂಡರೂ ನೋಡಿದಳು. ಹುಡುಗಿ ಒಂದೊಂದೇ ಮಧ್ಯಾಹ್ನವನ್ನು ಎತ್ತಿ ನೋಡುತ್ತಿದ್ದಳು, ಮಂಚ, ಫೋನು, ತರುಣ, ಬೆಕ್ಕು, ಎಣ್ಣೆ. ಎಣ್ಣೆಯ ಹತ್ತಿರ ಬಂದಾಗ ಕಣ್ಣು ಅಜ್ಜಿಯ ಒಣ ಕೂದಲಿಗೆ ಹೋಗಿ, ಸುಟ್ಟ ಹಾಗೆ ಕೆಳಗಿಳಿಯಿತು.

ಹೊರಗೆ ಹಾಲಪ್ಪ ಮುಂದೆ ಮುಂದೆ ನಡೆದು ಕಾರಿನ ಹತ್ತಿರ ಹೋದ. ಸಿಂಧೂರ ಮೂರನೆಯ ಪೀರಿಯಡ್ಡಿಗೆ ಹೋಗಬೇಕಿತ್ತು. ಮೆಟ್ಟಿಲಿನ ಕೆಳಗೆ ನಿಂತಳು. ಎಲ್ಲವೂ ಗೊತ್ತಾಗುತ್ತಿತ್ತಾ ಎಂದು ಇಂಗ್ಲಿಷಿನಲ್ಲಿ ಕೇಳಿದಳು. ಮೊದಲಿನಿಂದ?

"ಹೂಂ, ನನ ಮಗಳ" ಎಂದಳು ಬಸಲಿಂಗವ್ವ. "ನಿಮ್ಮಪ್ಪ ಹೇಳಿದ್ದ..." ಎಂದು ಶುರುಮಾಡಿ ನಿಲ್ಲಿಸಿದಳು. ಅದು ನಿಜ, ಆದರೆ ಫೋನಿನ ಆ ಹೊತ್ತಿಗೆ ಕಾಯುತ್ತಿದ್ದದ್ದು ತಾನು.

ಥ್ಯಾಂಕ್ ಯು ಎಂದಳು ಹುಡುಗಿ. ಮಿಸೆಸ್ ಡೆಲ್ಗಾಡೊಗೆ ಹೇಳಿದ್ದ ದನಿಯಲ್ಲೇ, ಅಷ್ಟೇ ವಿನಯದಿಂದ. ಅಜ್ಜಿ ಎನ್ನಲಿಲ್ಲ, ತಿರುಗಿ ಅಂಗಳದ ಆಚೆಗೆ ನಡೆದಳು. ಗಂಟೆ ಹೊಡೆದು ಮಕ್ಕಳೆಲ್ಲ ಬಾಗಿಲುಗಳಿಂದ ಹೊರಗೆ ಸುರಿದರು. ಅವರ ನಡುವಿನಿಂದ ವೈಶಾಲಿ ಓಡಿಬಂದು, ಏನಾಯ್ತು ಎಂದು ಕೈಯಾಡಿಸಿ ಕೇಳುತ್ತಿರುವುದು ಕಾಣಿಸಿತು. ಅಷ್ಟು ದೂರ, ಅಷ್ಟು ಗದ್ದಲ, ಒಂದು ಶಬ್ದವೂ ಇಲ್ಲಿಗೆ ಬರುವಂತಿರಲಿಲ್ಲ. ಆದರೂ ಸಿಂಧೂರ ಉತ್ತರ ಹೇಳುವ ಮೊದಲು ಒಮ್ಮೆ ತಿರುಗಿ ಅಜ್ಜಿಯನ್ನು ನೋಡಿದಳು. ಆಮೇಲೆ ಈ ಕಡೆ ಬೆನ್ನು ಮಾಡಿ, ಬಾಯಿಗೆ ಕೈ ಅಡ್ಡ ಹಿಡಿದುಕೊಂಡು ಮಾತಾಡತೊಡಗಿದಳು.